ನಂಜು ಉಂಡವರ ಪಕ್ಕದ ಕುರ್ಚಿ

(ದೊಡ್ಡ ಕ್ಯಾಪ್ಷನ್. 1/3 ಇಲ್ಲಿದೆ, ಉಳಿದದ್ದು ಕಾಮೆಂಟಲ್ಲಿ. ಪೂರ್ತಿ ಓದಿ ಪ್ಲೀಸ್.)

1/3

ಕೀಮೋ ಶುರುವಾದವರ ಮನೆಗೆ ಹೋದಾಗ ನಾವೆಲ್ಲ ಹೇಳೋದು ಒಂದೇ ಮಾತು: "ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ." ಈ ಮಾತನ್ನ ಸ್ವಲ್ಪ ದಿನ ಪಕ್ಕಕ್ಕಿಡೋಣ ಅಂತ ನನ್ನ ಅಭಿಪ್ರಾಯ. ಬಾಯಿ ತುಂಬ ಹುಣ್ಣಾಗಿ ನೀರು ನುಂಗೋಕೂ ಆಗದೆ ಕೂತಿರೋರಿಗೆ ಧೈರ್ಯ ಕಮ್ಮಿಯಾಗಿಲ್ಲ. ಅವರಿಗೆ ಬೇಕಾಗಿರೋದು "ನಂಗೂ ಹಿಂಗೇ ಆಗಿತ್ತು, ಹತ್ತು ದಿನಕ್ಕೆ ವಾಸಿ ಆಯ್ತು" ಅನ್ನೋ ಇನ್ನೊಬ್ಬರು. ಆ ಮಾತು ಹೇಳೋಕೆ ನಮಗೆ ಬರಲ್ಲ. ಅದನ್ನ ಉಂಡವರಿಗೆ ಮಾತ್ರ ಬರುತ್ತೆ.

ನಮ್ಮೂರ ಹೆಸರಲ್ಲೇ ಈ ಕತೆ ಇದೆ. ನಂಜನಗೂಡು, ನಂಜುಂಡನ ಊರು. ಶಿವ ಹಾಲಾಹಲ ಕುಡಿದಾಗ ಪಾರ್ವತಿ ಗಂಟಲು ಹಿಡಿದಳು, ವಿಷ ಕೆಳಗಿಳಿಯಲಿಲ್ಲ ಅಂತ ಅಜ್ಜಿಯರು ಹೇಳ್ತಾರೆ. ದೇವರಿಗೂ ಪಕ್ಕದಲ್ಲಿ ಒಬ್ಬರು ಬೇಕಾಯ್ತು.

ಕೀಮೋ ಕೂಡ ಒಂಥರಾ ನಂಜೇ. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಮೊದಲು ರೋಗಿಗೆ ಕೊಟ್ಟ ನೈಟ್ರೋಜನ್ ಮಸ್ಟರ್ಡ್ ಅನ್ನೋ ಔಷಧಿ ಹುಟ್ಟಿದ್ದು ಯುದ್ಧದ ವಿಷಾನಿಲದ ಸಂಶೋಧನೆಯಿಂದ. ಬೇಗ ಬೇಗ ಬೆಳೆಯೋ ಜೀವಕೋಶಗಳನ್ನ ಕೊಲ್ಲೋದು ಇಂಥ ಔಷಧಿಗಳ ಕೆಲಸ. ಗಡ್ಡೆಗೆ ಬೀಳೋ ಏಟು ಕೂದಲ ಬುಡಕ್ಕೂ, ಬಾಯಿ-ಕರುಳಿನ ಒಳಪದರಕ್ಕೂ, ರಕ್ತ ತಯಾರಾಗೋ ಮೂಳೆಮಜ್ಜೆಗೂ ಬೀಳುತ್ತೆ. ವಾಂತಿ, ಹುಣ್ಣು, ಸುಸ್ತು ಬರೋದು ಹೀಗೆ. ಕರ್ಮ, ಶಾಪ ಅಂತೆಲ್ಲ ಏನೂ ಇಲ್ಲ.

2/3

ನಮ್ಮ ಸೋದರತ್ತೆ ಮೈಸೂರಿನ ಒಂದು ಆಸ್ಪತ್ರೆಗೆ ಕೀಮೋಗೆ ಹೋಗ್ತಿದ್ರು. ಎರಡನೇ ಸಲ ಪಾಕ್ಲಿಟಾಕ್ಸೆಲ್ ಡ್ರಿಪ್ ಹಾಕಿ ಐದು ನಿಮಿಷ ಆಗಿರಬಹುದು, ಮುಖ ಕೆಂಪಾಯ್ತು, ಎದೆ ಹಿಡಿದ ಹಾಗಾಯ್ತು. ಅತ್ತೆ ಸಂಕೋಚಕ್ಕೆ ಸುಮ್ನೆ ಕೂತಿದ್ರು. ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸ್ಕೊಂಡಿದ್ದ ತಿ. ನರಸೀಪುರದ ಅಕ್ಕ ಕೂಗಿದ್ರು, "ಸಿಸ್ಟರ್, ಇವರ ಮುಖ ನೋಡಿ, ಬೇಗ ಬನ್ನಿ!" ತಕ್ಷಣ ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿದ್ರು. ಈ ಔಷಧಿಗೆ ಅಲರ್ಜಿ ಥರದ ರಿಯಾಕ್ಷನ್ ಬರೋದಾದ್ರೆ ಹೆಚ್ಚಾಗಿ ಮೊದಲ ಎರಡು ಸಲದಲ್ಲೇ, ಶುರುವಾದ ಕೆಲವೇ ನಿಮಿಷದಲ್ಲಿ ಬರುತ್ತೆ. ಅಕ್ಕಂಗೆ ಅದು ಹೇಗೆ ಗೊತ್ತಿತ್ತು? ಅವರಿಗೂ ಆಗಿತ್ತು.

ಅವತ್ತಿಂದ ದಿನಾ ಸಾಯಂಕಾಲ ನಂಜನಗೂಡಿಗೂ ನರಸೀಪುರಕ್ಕೂ ಒಂದು ಫೋನು. "ಜ್ವರ ನೋಡ್ಕೊಂಡ್ರಾ? ಏನು ತಿಂದ್ರಿ?" ಇಷ್ಟೇ ಮಾತು. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತೆ ಅಂತ ಅತ್ತೆ ನಮ್ಮ ಹತ್ರ ಹೇಳಿರಲಿಲ್ಲ, ಅಡುಗೆ ಮಾಡಿದೋರಿಗೆ ಬೇಜಾರಾಗುತ್ತೆ ಅಂತ. ಅಕ್ಕನ ಹತ್ರ ಹೇಳಿದ್ರು. ಮನೆಯವರ ಮುಂದೆ ಗಟ್ಟಿಯಾಗಿರೋ ನಾಟಕ ಆಡಬೇಕು. ಪಕ್ಕದ ಕುರ್ಚಿಯವರ ಮುಂದೆ ಆಡಬೇಕಿಲ್ಲ.

ಇದು ಹೊಸ ಯೋಚನೆಯೇನಲ್ಲ. ಟೆರೀಸ್ ಲ್ಯಾಸರ್ ಅನ್ನೋ ಮಹಿಳೆ ತಮಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ, 1950ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ಬೇರೆ ರೋಗಿಗಳನ್ನ ಹುಡುಕಿಕೊಂಡು ಹೋಗಿ ಮಾತಾಡಿಸೋಕೆ ಶುರು ಮಾಡಿದ್ರು. ನಮ್ಮ ಕನ್ನಡದಲ್ಲೇ ಭಾರತಿ ಬಿ.ವಿ. ಅವರು ತಮ್ಮ ಕ್ಯಾನ್ಸರ್ ಅನುಭವವನ್ನ 'ಸಾಸಿವೆ ತಂದವಳು' ಅಂತ ಪುಸ್ತಕ ಮಾಡಿದ್ದಾರೆ. ಲೈಬ್ರರಿಯಲ್ಲಿ ಕೇಳಿ, ಓದಿ.

3/3

ಹಾಗಂತ ಜೊತೆ ರೋಗಿ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. "ಈ ಸೊಪ್ಪಿನ ರಸ ಕುಡೀರಿ, ಕೀಮೋ ಬಿಡಿ" ಅನ್ನೋರೂ ಅದೇ ವಾರ್ಡಲ್ಲಿ ಸಿಗ್ತಾರೆ. ಒಬ್ಬೊಬ್ಬರ ಕ್ಯಾನ್ಸರ್ ಬೇರೆ, ಔಷಧಿ ಬೇರೆ, ಡೋಸ್ ಬೇರೆ. ಅನುಭವ ಹಂಚಿಕೊಳ್ಳಿ, ಮಾತ್ರೆ ಹಂಚಿಕೊಳ್ಳಬೇಡಿ. "ನಂಗೆ ಹೀಗಾಯ್ತು, ನೀವು ಡಾಕ್ಟರ್ನ ಕೇಳಿ" ಅನ್ನೋರು ಒಳ್ಳೇ ಜೊತೆಗಾರರು.

ಕಾಲೇಜಿಗೆ ಹೋಗೋ ನಮ್ಮ ಕೆಲಸ ಏನು ಹಾಗಾದ್ರೆ?

ಒಂದು, ಥರ್ಮಾಮೀಟರ್. ನಮ್ಮಲ್ಲಿ ನಂಜು ಅಂದ್ರೆ ವಿಷನೂ ಹೌದು, ಗಾಯ ಕೀವಾಗೋದೂ ಹೌದು. ಕೀಮೋ ಆದ 7ರಿಂದ 14ನೇ ದಿನದ ಹೊತ್ತಿಗೆ ಸಾಮಾನ್ಯವಾಗಿ ಬಿಳಿರಕ್ತಕಣ ತೀರಾ ಇಳಿದಿರುತ್ತೆ. ಆಗ 100.4 ಡಿಗ್ರಿ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಅದು ಎಮರ್ಜೆನ್ಸಿ, ಜೀವ ಹೋಗಬಹುದು. ಆಸ್ಪತ್ರೆಯ ರಾತ್ರಿ ನಂಬರ್ ನಿಮ್ಮ ಫೋನಲ್ಲಿರಲಿ. ನಡುರಾತ್ರಿ ಮೈಸೂರಿಗೆ ಹೋಗೋಕೆ ಯಾರ ಗಾಡಿ ಅಂತ ಹಗಲಲ್ಲೇ ಮಾತಾಡಿಟ್ಟುಕೊಳ್ಳಿ.

ಎರಡು, ವಾಂತಿ ಮಾತ್ರೆಯ ಟೈಮು. ಡಾಕ್ಟರ್ ಬರೆದುಕೊಟ್ಟ ಹೊತ್ತಿಗೇ ಕೊಡಿ. ವಾಂತಿ ಬಂದ ಮೇಲೆ ನೋಡೋಣ ಅಂತ ಉಳಿಸಬೇಡಿ, ಅವು ಇರೋದೇ ಬರದ ಹಾಗೆ ತಡೆಯೋಕೆ.

ಮೂರು, ಪ್ರೀತಿಯಿಂದಲೇ "ಬೇಡ" ಅನ್ನಿ. ಕಪಿಲೆಯಲ್ಲೋ ಸಂಗಮದಲ್ಲೋ ಮುಳುಗಿಸ್ಕೊಂಡು ಬರೋಣ ಅಂತ ನೆಂಟರು ಹೊರಡ್ತಾರೆ. ಭಕ್ತಿ ತಪ್ಪಲ್ಲ, ಆದ್ರೆ ಬಿಳಿರಕ್ತಕಣ ಇಳಿದಿರುವಾಗ ಹೊಳೆ ನೀರು ಬೇಡ. ಕಣ ಮೇಲೆ ಬಂತು ಅಂತ ಡಾಕ್ಟರ್ ಹೇಳಲಿ, ಆಮೇಲೆ ನೀವೇ ಕರ್ಕೊಂಡು ಹೋಗಿ.

ನಾಲ್ಕು, ಬೋಳು ತಲೆಯನ್ನ ಗುರಾಯಿಸಬೇಡಿ. ದೇವಸ್ಥಾನದ ಮುಂದೆ ಮುಡಿ ಕೊಟ್ಟು ಬರೋ ನೂರಾರು ಜನರನ್ನ ನೋಡಿ ಬೆಳೆದೋರು ನಾವು. ಬಸ್ಸಲ್ಲಿ ಒಬ್ಬ ಹೆಂಗಸಿನ ತಲೆ ನೋಡಿ ಪಿಸುಗುಟ್ಟೋದ್ಯಾಕೆ?

ಕೊನೆಗೆ ಒಂದು ಬೇಡಿಕೆ. 2025-26ರ ಕೇಂದ್ರ ಬಜೆಟ್ಟಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡ್ತೀವಿ ಅಂದಿದ್ದಾರೆ. ಒಳ್ಳೇದು. ಜೊತೆಗೆ ನಂಜನಗೂಡು, ತಿ. ನರಸೀಪುರದಂಥ ತಾಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಒಂದು ಕೋಣೆ ಬಿಟ್ಟುಕೊಡಲಿ. ಕೀಮೋ ಮುಗಿಸಿದೋರು, ಶುರು ಮಾಡೋರು ಕೂತು ಮಾತಾಡಲಿ, ಒಬ್ಬ ನರ್ಸ್ ಜೊತೆಗಿರಲಿ. ನಾಲ್ಕು ಕುರ್ಚಿ, ಒಂದು ಫ್ಲಾಸ್ಕ್ ಬಿಸಿನೀರು ಸಾಕು, ದೊಡ್ಡ ಖರ್ಚೇನಲ್ಲ. ಅಕ್ಕನಂಥೋರು ಪಕ್ಕದ ಕುರ್ಚಿಯಲ್ಲಿ ಸಿಗೋದು ಅದೃಷ್ಟಕ್ಕೆ ಬಿಟ್ಟ ವಿಷಯ ಆಗಬಾರದು.

ನಿಮ್ಮ ಮನೇಲಿ ಯಾರಾದ್ರೂ ಕೀಮೋ ಮುಗಿಸಿದೋರು ಇದ್ರೆ, ಈ ವಾರ ಅವರನ್ನ ಒಂದು ಮಾತು ಕೇಳಿ: "ಹೊಸಬರು ಯಾರಾದ್ರೂ ಫೋನ್ ಮಾಡಿದ್ರೆ ಮಾತಾಡ್ತೀರಾ?" ಹೂಂ ಅಂದ್ರೆ ನಂಬರನ್ನ ಕಾಮೆಂಟಲ್ಲಿ ಹಾಕಬೇಡಿ, ನಂಗೆ ಮೆಸೇಜ್ ಮಾಡಿ. ಜೋಡಿಸೋ ಕೆಲಸ ನಾನು ಮಾಡ್ತೀನಿ.

#ನಂಜನಗೂಡು #ತಿನರಸೀಪುರ #ಕೀಮೋ #ಪಕ್ಕದಕುರ್ಚಿ