ಬಲಗೈಯನ್ನು ಬಿಟ್ಟುಕೊಡಬಹುದೇ?

ಸೋಲುತ್ತಿರುವ ತಂಡವೊಂದು ತನ್ನ ಶ್ರೇಷ್ಠ ಬೌಲರನನ್ನು ಬಿಟ್ಟುಕೊಡಬಹುದೇ? ಕಾರವಾರದ ಕಡಲತೀರದಲ್ಲಿ ಸಂಜೆ ಕೂಡುವ ಕ್ರಿಕೆಟ್ ಪ್ರಿಯರಿಗೆ ಇದು ಮುಗಿಯದ ವಾದ. ಅಭಿಮಾನವು ‘ಕೂಡದು’ ಎನ್ನುತ್ತದೆ. ಲೆಕ್ಕವು ‘ತಾಳಿ’ ಎನ್ನುತ್ತದೆ.

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವನ್ನೇ ನೋಡಿ. ತನಗಾಗಿ 139 ವಿಕೆಟ್ ಗಳಿಸಿದ್ದ ಯಜುವೇಂದ್ರ ಚಾಹಲರನ್ನು ಅದು 2022ರ ಹರಾಜಿಗೆ ಮುನ್ನ ಕೈಬಿಟ್ಟಿತು. ರಾಜಸ್ಥಾನ ತಂಡವನ್ನು ಸೇರಿದ ಚಾಹಲರು ಆ ವರ್ಷ 27 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಾದರು. ಬೆಂಗಳೂರು ಕೊಂಡುತಂದ ಹಸರಂಗರು ಪಡೆದದ್ದು 26. ಅಂದಿಗೆ ನಷ್ಟವಿಲ್ಲ, ಆದರೆ 2023ರ ಕೊನೆಗೆ ಹಸರಂಗರೂ ತಂಡದಲ್ಲಿ ಉಳಿಯಲಿಲ್ಲ. ಸ್ಥಾನ ಮತ್ತೆ ಬರಿದಾಯಿತು.

ಮುಂದೆ ಮೊಹಮ್ಮದ್ ಸಿರಾಜರ ಸರದಿ. ಗುಜರಾತ್ ತಂಡದ ಪರವಾಗಿ ಬೆಂಗಳೂರಿಗೇ ಬಂದ ಅವರು, 2025ರ ಏಪ್ರಿಲ್ 2ರಂದು ತಮ್ಮ ಹಳೆಯ ತಂಡದ ಮೂರು ವಿಕೆಟ್ ಉರುಳಿಸಿದರು. ನೋಡಿದವರು ನಿಟ್ಟುಸಿರಿಟ್ಟರು. ಆದರೆ ಈ ಸಲ ತಂಡವು ಅದೇ ಹರಾಜಿನಲ್ಲಿ ಹೇಜಲ್‌ವುಡ್, ಭುವನೇಶ್ವರ ಕುಮಾರ್ ಇಬ್ಬರನ್ನೂ ಕೊಂಡಿತ್ತು. ಹೇಜಲ್‌ವುಡ್ 22 ವಿಕೆಟ್ ಗಳಿಸಿದರು; ಜೂನ್ 3ರಂದು, ಹದಿನೆಂಟನೆಯ ಪ್ರಯತ್ನದಲ್ಲಿ, ಮೊದಲ ಪ್ರಶಸ್ತಿ ಕೈಸೇರಿತು.

ಅಂಕೋಲೆಯ ಕರಿ ಈಶಾಡ ಮಾವಿನ ತೋಟದಲ್ಲಿಯೂ ನ್ಯಾಯ ಇದೇ. ಫಲ ಕೊಡುವ ಮರವನ್ನು ಕಡಿಯಲೇಬೇಕಾದರೆ, ಪಕ್ಕದಲ್ಲಿ ಕಸಿಯ ಗಿಡ ಬೇರೂರಿರಬೇಕು. ಆದುದರಿಂದ ಬಿಟ್ಟುಕೊಡುವ ದಿನ ಕೇಳಬೇಕಾದದ್ದು ‘ಇವನೆಷ್ಟು ದೊಡ್ಡವನು?’ ಎಂದಲ್ಲ; ‘ಇವನೆಸೆಯುತ್ತಿದ್ದ ಚೆಂಡನ್ನು ನಾಳೆ ಎಸೆಯುವವರು ಯಾರು?’ ಎಂದು.