ಹೆಣ್ಣುಮಕ್ಕಳೂ ನೀರೂ

ನಮ್ಮ ಶಾಲೆಯಲ್ಲಿ ಓದಿ, ಬಿ.ಎಡ್. ಪರೀಕ್ಷೆಯನ್ನು ಮುಗಿಸಿ, ಈಗ ಮಾಲ್ದೀವ್ ದ್ವೀಪಗಳಲ್ಲಿ ಗಣಿತದ ಶಿಕ್ಷಕಿಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಸೂಟಿಯ ತರುವಾಯ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವಳು. ಹೆಸರನ್ನು ಪ್ರಕಟಿಸಬಾರದೆಂದು ಅವಳ ಕೋರಿಕೆ. ಕೇಶ್ವಾಪುರದ ಓಣಿಗಳಲ್ಲಿ ಬೆಳೆದು, ನೀರೆಂದರೆ ನಳದ ನೀರೆಂದೇ ತಿಳಿದಿದ್ದ ಈ ಹುಡುಗಿಯು ದೋಣಿಯನ್ನೇರಿ, ಕಡಲಿನೊಳಕ್ಕೆ ಹತ್ತು ಮೀಟರಿನಷ್ಟು ಇಳಿದು, ಕ್ಷೇಮವಾಗಿ ಮೇಲೆ ಬಂದ ವೃತ್ತಾಂತವನ್ನೋದಿ ನಾವು ಮೊದಲು ಬೆದರಿದೆವು, ಬಳಿಕ ಸಂತೋಷಪಟ್ಟೆವು, ಕಡೆಗೆ ನಾಚಿದೆವು. ನಾಚಿಕೆಯ ಕಾರಣವನ್ನು ಮುಂದೆ ಅರಿಕೆ ಮಾಡುವೆವು.

ಮಾಲ್ದೀವ್ ಎಂಬುದು ಸುಮಾರು 1,200 ಹವಳದ ದ್ವೀಪಗಳ ರಾಜ್ಯ. ಜನವಸತಿಯುಳ್ಳವು ಸುಮಾರು 200 ಮಾತ್ರ. ಬಹುಪಾಲು ನೆಲವು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರವಷ್ಟೆ. ಅಲ್ಲಿಯ ಶಾಲೆಗಳಲ್ಲಿ ಭಾರತದ ಶಿಕ್ಷಕ ಶಿಕ್ಷಕಿಯರು ಬಹಳ ಮಂದಿ ಇರುವರು. ಶುಕ್ರವಾರ ಶನಿವಾರಗಳು ವಾರದ ರಜೆ, ಆದಿತ್ಯವಾರ ಪಾಠ. ಇದು ಅವಳಿಗೆ ಮೊದಮೊದಲು ಬಹಳ ಕಷ್ಟವಾಯಿತಂತೆ. ಆದರೆ ಅವರ ದಿವೇಹಿ ಭಾಷೆಯಲ್ಲಿ ದೋಣಿಗೆ 'ದೋನಿ' ಎಂದೇ ಹೆಸರೆಂದು ತಿಳಿದ ದಿನ ಪರದೇಶವು ಅರ್ಧ ಸ್ವದೇಶವಾಯಿತೆಂದು ಬರೆದಿರುವಳು.

ದ್ವೀಪವೆಂದೊಡನೆ ನಮ್ಮ ಪಾಲಕರು ಲೋಕದ ಅಂಚೆಂದು ಭಾವಿಸಬಾರದು. ಈಗಿನ ಲಕ್ಷದ್ವೀಪಕ್ಕೆ ಸೇರಿದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 1956ರ ಅಕ್ಟೋಬರ್ ಕೊನೆಯವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದ್ದವು. ಅಲ್ಲಿಯ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಕಡಲು ದಾಟಿಯೇ ಮಂಗಳೂರನ್ನು ಸೇರಿದರು. ಅವರ ಹಿಂದೆ ಹೆಣ್ಣುಮಕ್ಕಳೂ ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಬಂದರು. ಅವರ ತಾಯಂದಿರು ಬೇಡವೆಂದಿದ್ದರೆ ನಮ್ಮಲ್ಲಿ ಎಷ್ಟು ಶಾಲೆಗಳು ಹುಟ್ಟುತ್ತಿದ್ದವು?

ಇನ್ನು ಪತ್ರದ ಮುಖ್ಯ ಸಂಗತಿ. ನಮ್ಮ ಹುಡುಗಿಯು ನೇರವಾಗಿ ಕಡಲಿಗೆ ಧುಮುಕಲಿಲ್ಲ. ಹವಳದ ದಂಡೆಯೊಳಗಿನ ತಿಳಿನೀರಿನಲ್ಲಿ, ಎದೆಮಟ್ಟದಲ್ಲಿ ನಿಂತು, ಜೊತೆಯ ಶಿಕ್ಷಕಿಯಿಂದ ಮೂರು ತಿಂಗಳು ಈಜು ಕಲಿತಳು. ಸೂಟಿಯಲ್ಲಿ ನಾಲ್ವರು ಶಿಕ್ಷಕಿಯರು ಕೂಡಿ ದೋಣಿಯಲ್ಲಿ ಹೊರಟಾಗ, ಮುಳುಗುವುದನ್ನು ಕಲಿಸುವವನು ಒಂದು ಮುಂಜಾನೆಯೆಲ್ಲ ಪಾಠ ಹೇಳಿದ ಮೇಲೆಯೇ ಅವರನ್ನು ಇಳಿಸಿದನು. ಬೆನ್ನ ಮೇಲಿನ ಉರುಳೆಯಲ್ಲಿ ಪ್ರಾಣವಾಯುವಿದೆಯೆಂದು ಜನರೆಣಿಸುವರು. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಸಾಧಾರಣ ಗಾಳಿಯೇ. ಹತ್ತು ಮೀಟರ್ ಇಳಿದಾಗ ಮೈಮೇಲಿನ ಒತ್ತಡವು ದಡದಲ್ಲಿದ್ದುದರ ಎರಡರಷ್ಟಾಗುವುದು. ಕಿವಿ ನೋಯತೊಡಗುವ ಮೊದಲೇ ಮೂಗನ್ನು ಹಿಡಿದು ಮೆಲ್ಲಗೆ ಊದಿ ಅದನ್ನು ಸರಿದೂಗಿಸಬೇಕು. ಮೇಲೇರುವಾಗ ಉಸಿರನ್ನು ಎಂದಿಗೂ ಬಿಗಿಹಿಡಿಯಕೂಡದು. ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗಿ ಪುಪ್ಪುಸಗಳಿಗೆ ಗಾಯವಾಗುವುದು. ಅವಸರದಿಂದಲೂ ಏರಕೂಡದು, ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಳಾಗಿ ಪೀಡಿಸುವುದು. ಎಂಟನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿಸಿದ ಬಾಯಲನ ನಿಯಮವು ಆ ದಿನ ತನ್ನ ಎದೆಯೊಳಗೆ ನಡೆಯಿತೆಂದು ಅವಳು ಬರೆದ ವಾಕ್ಯವನ್ನು ನಮ್ಮ ವಿಜ್ಞಾನದ ಅಕ್ಕಾವರಿಗೆ ಎರಡು ಸಲ ಓದಿ ಹೇಳಿದೆವು.

ಕೆಳಗೆ ಅವಳ ಕೈಯ ಕೆಂಪು ದಾರವು ಮಂಕು ಕಂದಾಗಿ ಕಂಡಿತು. ನೀರು ಮೊದಲು ನುಂಗುವ ಬಣ್ಣ ಕೆಂಪು. ಗಿಳಿಮೀನುಗಳು ಹವಳವನ್ನು ಕಟಕಟನೆ ಕಡಿಯುವ ಸಪ್ಪಳ ಕಿವಿಗೆ ಬಿದ್ದಿತು. ಅವು ತಿಂದು ಹೊರಹಾಕಿದ ಪುಡಿಯೇ ಆ ದ್ವೀಪಗಳ ಬಿಳಿಯ ಮರಳಿನ ದೊಡ್ಡ ಪಾಲಂತೆ. (ಇದು ಸ್ಮರಣಸಂಚಿಕೆಗೆ ತಕ್ಕ ಮಾತೋ ಅಲ್ಲವೋ, ಆದರೆ ನಿಜ.) ಬೆಳ್ಳಗೆ ಸತ್ತ ಹವಳಗಳನ್ನೂ ಅವಳು ಕಂಡಳು. ಕಡಲು ಕಾದು 1998ರಲ್ಲಿಯೂ 2016ರಲ್ಲಿಯೂ ಅಲ್ಲಿಯ ಹವಳಗಳು ವಿಪುಲವಾಗಿ ಬಿಳುಪೇರಿದವು.

ಪತ್ರದ ನಡುವೆ ಒಂದು ಮಾತು ಇದೆ: "ಅಕ್ಕಾವರೇ, ಮುರ್ಡೇಶ್ವರದ ದಿನ ನೆನಪಿದೆಯೇ?"

ನೆನಪಿದೆ. ಹನ್ನೆರಡು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯವರನ್ನು ಅಲ್ಲಿಗೆ ಕರೆದೊಯ್ದಿದ್ದೆವು. ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮಳೆಗಾಲವೊಂದನ್ನು ಬಿಟ್ಟು ದೋಣಿಗಳು ಹೋಗುವವು. ಮುಳುಗಿ ಹವಳವನ್ನು ನೋಡಲೆಂದೇ ಜನರು ದೂರದೂರದಿಂದ ಬರುವರು. ಈ ಹುಡುಗಿಯು ದ್ವೀಪದ ಮಾತನ್ನು ಬಿಟ್ಟು, ದಡದ ಹತ್ತಿರವೇ ದೋಣಿಯಲ್ಲಿ ಒಂದು ಸುತ್ತು ಬರಲು ಅಪ್ಪಣೆ ಬೇಡಿದಳು. ತೇಲುವ ಅಂಗಿಗಳೂ ಇದ್ದವು. ನಾವು ಗದರಿಸಿ, ಕಾಲುಗಂಟಿನ ಮೇಲೆ ನೀರು ತಾಕಕೂಡದೆಂದು ಕಟ್ಟಪ್ಪಣೆ ಮಾಡಿ, ಎಲ್ಲರನ್ನೂ ಮರಳಿನ ಮೇಲೆ ಸಾಲಾಗಿ ಕೂಡ್ರಿಸಿದೆವು. ಹೆಣ್ಣುಮಕ್ಕಳಿಗೆ ಇದೇಕೆ ಎಂದೂ ಅಂದೆವು. ಪ್ರವಾಸವು ಸುರಕ್ಷಿತವಾಗಿ ನೆರವೇರಿತೆಂದು ವರದಿಯಲ್ಲಿ ಹೆಮ್ಮೆಯಿಂದ ಬರೆದೆವು.

ಅದೇ ಕಡಲತೀರದಲ್ಲಿ 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರಿನ ಪಾಲಾದರು. ಆ ಸುದ್ದಿಯನ್ನೋದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಮಕ್ಕಳು ಬದುಕಿ ಬಂದುದಕ್ಕೆ ನಮ್ಮ ಗದರಿಕೆಯು ಕಾರಣವೆಂದು ಇಷ್ಟು ವರ್ಷ ನಂಬಿದ್ದೆವು. ಬೆನ್ನು ತಿರುಗಿಸಿದ ಐದು ನಿಮಿಷಗಳಲ್ಲಿ ಅವರಲ್ಲೊಬ್ಬಳು ಅಲೆಗೆ ಸಿಕ್ಕಿದ್ದರೆ, ತಾನು ಮಾಡಬೇಕಾದುದೇನೆಂದು ಅವಳಿಗೆ ತಿಳಿದಿರಲಿಲ್ಲ. ನಮಗಂತೂ ಮೊದಲೇ ತಿಳಿದಿರಲಿಲ್ಲ. ನಿಷೇಧಿಸಿದೆವು, ಕಲಿಸಲಿಲ್ಲ.

ಕೊಳದಲ್ಲಿ ಈಜು ಕಲಿತವಳು ಕಡಲನ್ನು ಗೆದ್ದಳೆಂದು ನಾವು ಹೇಳುತ್ತಿಲ್ಲ. ಈಜು ಬಲ್ಲವರೂ ಮುಳುಗಿರುವರು. ದಡದಿಂದ ಹೊರಕ್ಕೆಳೆಯುವ ಸೆಳೆತಕ್ಕೆ ಎದುರಾಗಿ ಹೆಣಗದೆ, ದಡಕ್ಕೆ ಸಮಾನಾಂತರವಾಗಿ ಸರಿದು ಪಾರಾಗಬೇಕೆಂಬುದು ಪ್ರತ್ಯೇಕವಾದ ಪಾಠ. ಮಳೆಗಾಲದ ಕಡಲಿಗೆ ಇಳಿಯಲೇ ಬಾರದೆಂಬುದು ಇನ್ನೊಂದು. ಆದರೆ ಮೊದಲ ಪಾಠವಿಲ್ಲದೆ ಇವನ್ನು ಹೇಗೆ ಕಲಿಸುವುದು?

ಕಳೆದ ವರ್ಷ ಈಜಿನ ತರಗತಿಗಾಗಿ ಮನೆಮನೆಗೆ ಕಳುಹಿಸಿದ ಒಪ್ಪಿಗೆ ಪತ್ರಗಳಲ್ಲಿ ಸಹಿಯಾಗಿ ಬಂದವು ಬೆರಳೆಣಿಕೆಯಷ್ಟೆ. ಕಾರಣಗಳನ್ನು ಕೇಳಿದೆವು. ಬಿಸಿಲಿಗೆ ಮೈ ಕಪ್ಪಾಗುವುದು, ನಾಳೆ ಗಂಡು ಸಿಕ್ಕಬೇಕಲ್ಲ ಎಂದರು ಒಬ್ಬ ತಾಯಿ. ಉಡುಪಿನ ವಿಷಯ ಹೇಗೆಂದರು ಹಲವರು. ಇದು ಕ್ಷುಲ್ಲಕವಾದ ಸಂದೇಹವಲ್ಲ. ಮೈಮುಚ್ಚುವ ಈಜುಡುಪು ಈಗ ಎಲ್ಲೆಡೆ ದೊರೆಯುವುದು, ನಮ್ಮ ಹುಡುಗಿಯು ಮಾಲ್ದೀವಿನಲ್ಲಿ ಧರಿಸಿದುದೂ ಅದನ್ನೇ. ಹತ್ತನೆಯ ಇಯತ್ತೆಯ ಅಭ್ಯಾಸಕ್ಕೆ ಭಂಗವೆಂದವರಿಗೆ ನಾವು ಎಂಟನೆಯ ಇಯತ್ತೆಯಿಂದಲೇ ಆರಂಭಿಸುವುದಾಗಿ ಹೇಳಿದೆವು. ಗಂಡು ಸಿಕ್ಕುವ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ.

1959ರ ಸೆಪ್ಟೆಂಬರ್ 29ರಂದು ಕೋಲ್ಕತೆಯ ಆರತಿ ಸಾಹಾ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಾಗ ಅವರ ವಯಸ್ಸು 19. ಅದನ್ನು ದಾಟಿದ ಏಷ್ಯದ ಮೊದಲ ಮಹಿಳೆ ಅವರೇ. ಕೊರಿಯಾದ ಜೇಜು ದ್ವೀಪದಲ್ಲಿ ಉರುಳೆಯ ಸಹಾಯವೇ ಇಲ್ಲದೆ ಉಸಿರುಕಟ್ಟಿ ಮುಳುಗಿ ಚಿಪ್ಪುಜೀವಿಗಳನ್ನು ತಂದು ಸಂಸಾರವನ್ನು ಸಲಹುವವರು ಹೆಂಗಸರು, ಅವರಲ್ಲಿ ಎಷ್ಟೋ ಜನ ಅಜ್ಜಿಯರು. ಹೆಣ್ಣುಮಕ್ಕಳಿಗೆ ಇದೇಕೆ ಎಂದು ಅಲ್ಲಿ ಕೇಳುವವರಿಲ್ಲ.

ಒಂದು ಮಾತನ್ನು ಸಂಕೋಚದಿಂದಲೇ ತಿಳಿಸುವೆವು. ಈ ಪತ್ರ ಬಂದ ಮೇಲೆ ನಾವೂ ನಮ್ಮ ನಾಲ್ವತ್ತಾರನೆಯ ವಯಸ್ಸಿನಲ್ಲಿ ಹೆಂಗಸರಿಗೆಂದು ಮೀಸಲಾದ ವೇಳೆಯಲ್ಲಿ ಕೊಳಕ್ಕೆ ಇಳಿದೆವು. ಮೊದಲ ವಾರವೆಲ್ಲ ಕಂಬಿಯನ್ನು ಹಿಡಿದು ನಿಂತೆವು. ಕಲಿಸುವಾಕೆ ನಮ್ಮ ಶಾಲೆಯಲ್ಲಿಯೇ ಕಲಿತವಳಾದುದರಿಂದ ಗದರಿಸಲಾರದೆ ಬಹಳ ಪೇಚಾಡಿದಳು. ನಾಲ್ಕನೆಯ ವಾರ ಕಿವಿಗಳವರೆಗೆ ನೀರಿನಲ್ಲಿ ಅಂಗಾತ ಮಲಗಿ ತೇಲಿದೆವು. ಅದೊಂದೇ ಈವರೆಗಿನ ಸಾಧನೆ.

ಜೂನ್ ತಿಂಗಳ ಮೊದಲ ವಾರದಲ್ಲಿ ಎಂಟನೆಯ ಇಯತ್ತೆಯ ಪಾಲಕರಿಗೆ ಒಪ್ಪಿಗೆ ಪತ್ರಗಳು ಮತ್ತೆ ಬರುವವು. ತರಗತಿ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಕಲಿಸುವವರು ಹೆಂಗಸರೇ. ತಾಯಂದಿರು ಬಂದು ದಂಡೆಯ ಮೇಲೆ ಕುಳಿತು ನೋಡಬಹುದು. ಇಳಿಯಲಿಚ್ಛಿಸುವವರಿಗೆ ನಮ್ಮ ಪಕ್ಕದಲ್ಲಿ ಕಂಬಿಯಲ್ಲಿ ಸ್ಥಳವಿದೆ.