ಮಂಡೇಗೊಂದು ‘ಆನ್’ ಬೇಕೆ?

‘ಐ ವಿಲ್ ಸೀ ಯೂ ಮಂಡೇ’ ಎಂದು ಹೈಸ್ಕೂಲಿನ ಹುಡುಗ ಬರೆದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ನಡುವೆ ಒಂದು ‘ಆನ್’ ಸೇರಿಸುತ್ತಾರೆ. ಅದೇ ಹುಡುಗ ದೊಡ್ಡವನಾಗಿ ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡುವಾಗ, ಅಲ್ಲಿಂದ ಬರುವ ಇಮೇಲಿನಲ್ಲಿ ಎಷ್ಟೋ ಸಲ ಆ ‘ಆನ್’ ಇರುವುದೇ ಇಲ್ಲ. ಮೇಷ್ಟ್ರು ಸುಳ್ಳು ಹೇಳಿದರೆ? ಇಲ್ಲ. ಅಮೆರಿಕದವರಿಗೆ ವ್ಯಾಕರಣ ಬರುವುದಿಲ್ಲವೆ? ಅದೂ ಅಲ್ಲ.

ಬಿಡುವವರ ಬೆನ್ನಿಗೆ ಗಟ್ಟಿ ಆಧಾರವೇ ಇದೆ. ಅಮೆರಿಕದ ಪತ್ರಕರ್ತರು ಪಾಲಿಸುವ ಅಸೋಸಿಯೇಟೆಡ್ ಪ್ರೆಸ್ ಶೈಲಿ ಕೈಪಿಡಿ, ಗೊಂದಲಕ್ಕೆ ಎಡೆಯಿಲ್ಲದ ಕಡೆ ವಾರದ ಹೆಸರಿಗೆ ಮೊದಲು ‘ಆನ್’ ಬೇಡ ಎನ್ನುತ್ತದೆ. ವಾಕ್ಯ ವಾರದಿಂದಲೇ ಶುರುವಾದರೆ ಮಾತ್ರ ಇರಲಿ ಎನ್ನುತ್ತದೆ. ಇಂಗ್ಲೆಂಡಿನ ಪತ್ರಿಕೆಗಳು ಸಾಮಾನ್ಯವಾಗಿ ‘ಆನ್’ ಉಳಿಸಿಕೊಳ್ಳುತ್ತವೆ. ಹಾಗಂತ ಇದು ಬರೀ ಅಮೆರಿಕದ ಅವಸರ ಎಂದು ತಳ್ಳಿಹಾಕುವಂತಿಲ್ಲ. ‘ಶಿ ವರ್ಕ್ಸ್ ನೈಟ್ಸ್’ ಎಂಬಲ್ಲಿನ ಕೊನೆಯ ‘ಸ್’ ಇಂದು ಬಹುವಚನದಂತೆ ಕಂಡರೂ ಅದರ ಬೇರು ಹಳೆಯ ಇಂಗ್ಲಿಷಿನ ಷಷ್ಠಿ ವಿಭಕ್ತಿಯಲ್ಲಿದೆ. ಆಗ ಆ ಭಾಷೆಯಲ್ಲೂ ನಮ್ಮಂತೆ ವಿಭಕ್ತಿಗಳಿದ್ದವು, ಕಾಲ ಸೂಚಿಸಲು ಅವೇ ಸಾಕಾಗುತ್ತಿದ್ದವು. ‘ಸಂಡೇಸ್’ ಎಂದು ಒಂಟಿಯಾಗಿ ಹೇಳುವುದೂ ಅದೇ ಜಾಡಿನದು.

ಇನ್ನು ‘ಲಾಸ್ಟ್’, ‘ನೆಕ್ಸ್ಟ್’ ಬಂದರಂತೂ ‘ಆನ್’ ಅಲ್ಲಿ ನಿಲ್ಲುವುದೇ ಇಲ್ಲ. ಈ ವಿಷಯದಲ್ಲಿ ಲಂಡನ್ನೂ ನ್ಯೂಯಾರ್ಕೂ ಒಂದೇ. ನಮ್ಮ ರಜೆ ಅರ್ಜಿಗಳಲ್ಲಿ ಕಾಣುವ ‘ಆನ್ ಲಾಸ್ಟ್ ಮಂಡೇ’, ಮೇಷ್ಟ್ರ ಪಾಠವನ್ನು ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕಲಿತದ್ದರ ಫಲ.

ಆದರೆ ಉಳಿಸಿಕೊಳ್ಳುವವರ ಕೈಯಲ್ಲೂ ಒಳ್ಳೆಯ ವಾದವಿದೆ. ‘ದ ಗವರ್ನರ್ ಡಿಕ್ಲೇರ್ಡ್ ಫ್ರೈಡೇ ಎ ಹಾಲಿಡೇ’ ಎಂಬ ವಾಕ್ಯವನ್ನೇ ನೋಡಿ. ರಾಜ್ಯಪಾಲರು ಶುಕ್ರವಾರವನ್ನು ರಜೆಯೆಂದು ಸಾರಿದರೆ, ಇಲ್ಲವೇ ಶುಕ್ರವಾರ ಕೂತು ಬೇರೆ ಯಾವುದೋ ದಿನಕ್ಕೆ ರಜೆ ಸಾರಿದರೆ? ಮನೆಯಲ್ಲಿ ಮಕ್ಕಳಿರುವವರಿಗೆ ಇದು ಬರೀ ವ್ಯಾಕರಣದ ಪ್ರಶ್ನೆಯಲ್ಲ. ನಡುವೆ ‘ಆನ್’ ಬಿದ್ದರೆ ಎರಡನೆಯ ಅರ್ಥ ಖಚಿತ. ವಾಕ್ಯ ಸ್ವಲ್ಪ ಒರಟಾದರೂ ಓದುಗ ದಾರಿ ತಪ್ಪುವುದಿಲ್ಲ. ವ್ಯಕ್ತಿಯ ಹೆಸರಿಗೆ ವಾರ ಅಂಟಿಕೊಂಡರೂ ಇದೇ ಫಜೀತಿ: ‘ಜಾನ್ ಮೆಟ್ ಮೇರಿ ಮಂಡೇ’ ಎಂದರೆ ಮಂಡೇ ಎಂಬುದು ಮೇರಿಯ ಮನೆತನದ ಹೆಸರೇ ಎಂಬ ಅನುಮಾನ ಬರುತ್ತದೆ. ಅಂಥ ಕಡೆ ‘ಆನ್’ ಹಾಕಿ ಎಂದು ಅಸೋಸಿಯೇಟೆಡ್ ಪ್ರೆಸ್ಸೇ ಹೇಳುತ್ತದೆ. ಅಂದಮೇಲೆ ಬಿಡುವವರ ನಿಯಮವೂ ಒಂದು ಷರತ್ತಿನ ಮೇಲೆ ನಿಂತಿದೆ. ಆ ಷರತ್ತನ್ನು ಗಮನಿಸಲು ಇಂಗ್ಲಿಷ್ ಚೆನ್ನಾಗಿ ರೂಢಿಯಾಗಿರಬೇಕು. ಕಲಿಯುತ್ತಿರುವವನಿಗೆ ಅದು ಕಷ್ಟ.

ಕನ್ನಡದವರ ಪಾಡು ಇಲ್ಲಿ ಸ್ವಲ್ಪ ಬೇರೆ. ‘ಸೋಮವಾರ ಬರ್ತೀನಿ’ ಎನ್ನುವಾಗ ನಮಗೆ ಯಾವ ಪ್ರತ್ಯಯವೂ ಬೇಕಿಲ್ಲ; ಮದುವೆ ಕರೆಯೋಲೆಗೆ ಮಾತ್ರ ‘ಸೋಮವಾರದಂದು’ ಎಂಬ ಪಂಚೆ ಶಲ್ಯ. ಹಾಗಾಗಿ ‘ಆನ್’ ಬಿಡುವುದು ನಮ್ಮ ನಾಲಿಗೆಗೆ ಸಹಜ. ಆದರೆ ಸಹಜವಾಗಿ ಬಿಟ್ಟದ್ದು ಯಾವುದು, ತಿಳಿದು ಬಿಟ್ಟದ್ದು ಯಾವುದು ಎಂದು ಪರೀಕ್ಷಕನಿಗೆ ಗೊತ್ತಾಗುವುದಿಲ್ಲ, ಅವನು ಅಂಕ ಕಳೆಯುತ್ತಾನೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಆನ್’ ಹಾಕುವುದೇ ಕ್ಷೇಮ ಎಂಬುದು ನನ್ನ ಮತ. ‘ಲಾಸ್ಟ್’, ‘ನೆಕ್ಸ್ಟ್’ ಇಲ್ಲದ ಕಡೆ ಹಾಕಿದ್ದಕ್ಕೆ ಯಾರೂ ತಪ್ಪೆನ್ನುವುದಿಲ್ಲ, ಅಮೆರಿಕದವರೂ ಸಹ. ಮಾತಿನಲ್ಲಿ, ಮೆಸೇಜಿನಲ್ಲಿ ಬಿಟ್ಟರೆ ಆಕಾಶವೇನೂ ಕಳಚಿ ಬೀಳದು. ಅಲ್ಲಿಯೂ ತಿದ್ದುವ ಮೇಷ್ಟ್ರು ಸ್ವಲ್ಪ ಅತಿಯೇ.

ನಿಜ ಹೇಳಬೇಕೆಂದರೆ, ‘ಆನ್’ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ನಾವು ‘ಟಿಲ್’ ಅನ್ನು ಸುಮ್ಮನೆ ಬಿಟ್ಟಿದ್ದೇವೆ. ‘ಆನ್ ಲೀವ್ ಟಿಲ್ ಮಂಡೇ’ ಎಂದು ಬರೆದವರು ಸೋಮವಾರ ಆಫೀಸಿಗೆ ಬರುತ್ತಾರೋ, ಮಂಗಳವಾರವೋ? ‘ಸೋಮವಾರದವರೆಗೆ ರಜೆ’ ಎಂದರೂ ಸಂಶಯ ಹಾಗೇ ಉಳಿಯುತ್ತದೆ. ಇಲ್ಲಿ ಮಾತ್ರ ಅಮೆರಿಕದವರ ‘ಥ್ರೂ’ ನನಗೆ ಮೆಚ್ಚುಗೆ: ‘ಥ್ರೂ ಮಂಡೇ’ ಎಂದರೆ ಸೋಮವಾರವೂ ಸೇರಿತು, ಚರ್ಚೆಯೇ ಇಲ್ಲ. ಬ್ರಿಟಿಷರು ಅದಕ್ಕೆ ‘ಇನ್‌ಕ್ಲೂಸಿವ್’ ಎಂಬ ಬಾಲ ಸೇರಿಸಬೇಕು. ರಜೆ ಅರ್ಜಿ ಬರೆಯುವವರು ಇವೆರಡನ್ನೂ ಬಿಟ್ಟು, ಕೆಲಸಕ್ಕೆ ಮರಳುವ ದಿನ ಯಾವುದೆಂದು ನೇರವಾಗಿ ಬರೆದುಬಿಡಬಹುದು.